ಕಲ್ಲಿನೊಳಗಣ ಪಾಷಾಣ

'ಪಾಷಾಣ' ಎಂಬ ಶಬ್ದಕ್ಕೆ ಕನ್ನಡದಲ್ಲಿ ಕಲ್ಲು ಎಂಬ ಅರ್ಥವೂ ಉಂಟು, ವಿಷ ಎಂಬ ಅರ್ಥವೂ ಉಂಟು. ಹಿಂದಿನ ವೈದ್ಯರು ಬಲ್ಲ ಹರಿತಾಳ, ಮನಶ್ಶಿಲೆಗಳು ಆರ್ಸೆನಿಕ್ ಎಂಬ ಮೂಲವಸ್ತುವನ್ನೊಳಗೊಂಡ ಖನಿಜಗಳು. ಕಲ್ಲಿನಲ್ಲಿರುವ ಈ ವಿಷವು ಮನುಷ್ಯನ ಮೈಸೇರುವ ಬಗೆಯನ್ನು ಅರಿಯಲು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ನಿದರ್ಶನವೊಂದೇ ಸಾಕು.

ಆ ಸೀಮೆಯಲ್ಲಿ ಮಂಗಳೂರು ಎಂಬ ಊರಿದೆ. ಇದು ಕರಾವಳಿಯ ಮಂಗಳೂರಲ್ಲ. ಅದರ ಸುತ್ತಣ ಶಿಲೆಗಳಲ್ಲಿ ಚಿನ್ನವಿದ್ದುದರಿಂದ ಹಿಂದೆ ಅಲ್ಲಿ ಗಣಿಗಾರಿಕೆ ನಡೆದಿತ್ತು. ಇಂತಹ ಶಿಲೆಗಳಲ್ಲಿ ಚಿನ್ನದ ಜೊತೆಯಲ್ಲಿ ಕಬ್ಬಿಣ, ಗಂಧಕ ಮತ್ತು ಆರ್ಸೆನಿಕ್ ಕೂಡಿದ ಖನಿಜವೂ ಇರುವುದುಂಟು. ಅದಿರನ್ನು ಪುಡಿಮಾಡಿ ಚಿನ್ನವನ್ನು ತೆಗೆದ ಮೇಲೆ ಉಳಿದ ಮಣ್ಣನ್ನು ಹೊರಗೆ ರಾಶಿ ಹಾಕುತ್ತಾರೆ. ಗಾಳಿ ಮಳೆಗಳಿಗೆ ಸಿಕ್ಕಿದ ಆ ಖನಿಜವು ಕ್ರಮೇಣ ವಿಘಟನೆ ಹೊಂದುತ್ತದೆ. ಆರ್ಸೆನಿಕ್ ನೀರಿನಲ್ಲಿ ಕರಗಿ ನೆಲದೊಳಕ್ಕೆ ಇಳಿಯುತ್ತದೆ.

ಈ ಪ್ರದೇಶವನ್ನು ಕುರಿತು ವಿಜ್ಞಾನಿಗಳು ನಡೆಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಅಲ್ಲಿ ಪರೀಕ್ಷಿಸಿದ 59 ಕೊಳವೆಬಾವಿ ನೀರಿನ ಮಾದರಿಗಳಲ್ಲಿ ಶೇಕಡ 79ರಷ್ಟು ಈ ಮಿತಿಯನ್ನು ದಾಟಿದ್ದವು. ಒಂದರಲ್ಲಿ 303 ಮೈಕ್ರೋಗ್ರಾಂ ಇದ್ದಿತು. ತಪಾಸಣೆಗೊಳಗಾದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತುಗಳಿದ್ದವು.

ಈ ವಿಷವು ಒಮ್ಮೆಗೇ ಕೊಲ್ಲುವುದಿಲ್ಲ. ದಿನದಿನವೂ ಅಲ್ಪಾಲ್ಪವಾಗಿ ಒಳಸೇರಿ, ಹಲವು ವರ್ಷಗಳ ಮೇಲೆ ಮೈಯಲ್ಲಿ ಕಪ್ಪು ಬಿಳುಪು ಚುಕ್ಕೆಗಳಾಗಿ, ಅಂಗೈ ಅಂಗಾಲುಗಳಲ್ಲಿ ಗಟ್ಟಿ ಗಂಟುಗಳಾಗಿ ತೋರುತ್ತದೆ. ಚರ್ಮ, ಶ್ವಾಸಕೋಶ ಮತ್ತು ಮೂತ್ರಕೋಶಗಳ ಕ್ಯಾನ್ಸರಿಗೂ ಅದು ಕಾರಣವಾಗಬಲ್ಲದು. ಕುಡಿಯುವ ನೀರೊಂದೇ ಅದರ ದಾರಿಯಲ್ಲ. ಅದೇ ನೀರಿನಲ್ಲಿ ಬೇಯಿಸಿದ ಅನ್ನ, ಬೇಳೆಗಳೂ ಅದನ್ನು ಹೀರಿಕೊಳ್ಳುತ್ತವೆ. ನೀರು ನಿಂತ ಗದ್ದೆಯಲ್ಲಿ ಬೆಳೆಯುವ ಬತ್ತವು ಇತರ ಧಾನ್ಯಗಳಿಗಿಂತ ಹೆಚ್ಚಾಗಿ ಅದನ್ನು ಮಣ್ಣಿನಿಂದ ಎಳೆದುಕೊಳ್ಳುತ್ತದೆ.

ಆರ್ಸೆನಿಕ್ ಬೆರೆತ ನೀರು ತಿಳಿಯಾಗಿಯೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಬೇರೆ ರುಚಿಯಿಲ್ಲ. ನೀರನ್ನು ಕುದಿಸಿ ಕುಡಿಯಬೇಕೆಂಬ ಹಿತವಚನ ರೋಗಾಣುಗಳ ಮಟ್ಟಿಗೆ ನಿಜ. ಆದರೆ ಕುದಿಸಿದಾಗ ನೀರು ಆವಿಯಾಗುವುದೇ ಹೊರತು ಆರ್ಸೆನಿಕ್ ಹೋಗುವುದಿಲ್ಲ. ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಫಲವಿಲ್ಲ. ಪ್ರಯೋಗಾಲಯದ ಪರೀಕ್ಷೆಯೇ ಅದನ್ನು ಖಚಿತವಾಗಿ ತಿಳಿಯುವ ಮಾರ್ಗ. ದೋಷ ಕಂಡ ಬಾವಿಯ ನೀರನ್ನು ಕುಡಿಯುವುದಕ್ಕೂ ಅಡಿಗೆಗೂ ಬಿಟ್ಟು, ಬೇರೆ ಶುದ್ಧಜಲವನ್ನು ಒದಗಿಸಬೇಕು.

ಈ ಎಚ್ಚರಿಕೆ ಗಣಿಯ ಸೀಮೆಗಷ್ಟೇ ಸಲ್ಲುವುದಲ್ಲ. ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮುಂತಾದೆಡೆಗಳಲ್ಲಿ ಅನೇಕ ಮನೆಗಳು ಕೊಳವೆಬಾವಿಯನ್ನೋ ಟ್ಯಾಂಕರಿನ ನೀರನ್ನೋ ನೆಚ್ಚಿವೆ. ಪೀಣ್ಯದ ಅಂತರ್ಜಲದಲ್ಲಿ ಕೈಗಾರಿಕೆಗಳ ತ್ಯಾಜ್ಯದಿಂದ ಇಳಿದ ಕ್ರೋಮಿಯಂ ಎಂಬ ಲೋಹವು ಕಂಡುಬಂದಿದೆ. ವಿಷವು ಶಿಲೆಯಿಂದ ಬಂದರೂ ಕಾರ್ಖಾನೆಯಿಂದ ಬಂದರೂ ಅದನ್ನು ಕುಡಿಯುವವರು ಮನುಷ್ಯರೇ. ಆದುದರಿಂದ ಬಾವಿ ತೋಡಿದಾಗ ನೀರು ಬಂದಿತೆಂದು ಹರ್ಷಿಸುವುದರ ಜೊತೆಗೆ, ಆ ನೀರಿನಲ್ಲಿ ಏನಿದೆಯೆಂದು ಪರೀಕ್ಷಿಸಿ ತಿಳಿಯುವ ಅಭ್ಯಾಸವನ್ನು ನಾವೆಲ್ಲರೂ ಬೆಳೆಸಿಕೊಳ್ಳಬೇಕು.