ಸೈಕಲ್ ಸೀಟು ನಿಮ್ಮ ಅಳತೆಗೆ ಇರಲಿ

ಹಾಲು ಹಾಕುವವರು, ಪೇಪರ್ ಹಂಚುವವರು, ಹೊಲಕ್ಕೆ ಹೋಗುವ ರೈತರು, ಶಾಲೆಗೆ ಹೋಗುವ ಮಕ್ಕಳು, ಹೀಗೆ ಸೈಕಲ್ ಇಂದಿಗೂ ಅನೇಕರ ದಿನನಿತ್ಯದ ವಾಹನ. ಸಕ್ಕರೆ ಕಾಯಿಲೆ, ಬೊಜ್ಜು ಇರುವವರಿಗೂ ಸೈಕಲ್ ತುಳಿಯಲು ವೈದ್ಯರು ಸಲಹೆ ಕೊಡುವುದುಂಟು. ಆದರೆ ಕೆಲವರು "ಕೂತ ಜಾಗ ನೋಯುತ್ತದೆ" ಎಂದು ಸ್ವಲ್ಪ ದಿನಕ್ಕೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರಿಗೆ ತೊಡೆಗಳ ನಡುವೆ ಜೋಮು ಹಿಡಿಯುತ್ತದೆ. ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹೆಚ್ಚಿನ ಸಲ ಸೀಟನ್ನು ಸರಿಪಡಿಸಿದರೆ ತೊಂದರೆ ಕಡಿಮೆಯಾಗುತ್ತದೆ.

ನೋವು, ಜೋಮು ಏಕೆ ಬರುತ್ತವೆ?

ಗಟ್ಟಿ ಕಟ್ಟೆಯ ಮೇಲೆ ನೆಟ್ಟಗೆ ಕುಳಿತು ಕೆಳಗೆ ಕೈ ಇಟ್ಟು ನೋಡಿ. ಎಡಕ್ಕೊಂದು, ಬಲಕ್ಕೊಂದು ಮೂಳೆ ಕೈಗೆ ತಾಗುತ್ತದೆ. ಕುಳಿತಾಗ ದೇಹದ ಭಾರವನ್ನು ಹೊರಬೇಕಾದವು ಈ ಎರಡು ಮೂಳೆಗಳು. ಇವುಗಳ ನಡುವಿನ ಮೆತ್ತನೆಯ ಭಾಗದಲ್ಲಿ ಜನನಾಂಗಕ್ಕೆ ಹೋಗುವ ನರಗಳು, ರಕ್ತನಾಳಗಳು ಮತ್ತು ಮೂತ್ರನಾಳ ಇವೆ. ಸೀಟು ಸರಿಯಿಲ್ಲದಿದ್ದರೆ ಮೂಳೆಯ ಬದಲು ಈ ಭಾಗದ ಮೇಲೆ ಭಾರ ಬೀಳುತ್ತದೆ. ನರ ಒತ್ತಿದಾಗ ಜೋಮು ಹಿಡಿಯುತ್ತದೆ.

ಅಮೆರಿಕದಲ್ಲಿ ಸೈಕಲ್ ಮೇಲೆ ಗಸ್ತು ತಿರುಗುವ 90 ಪೊಲೀಸರಿಗೆ ಮುಂದಿನ ಮೂತಿ ಇಲ್ಲದ ಸೀಟನ್ನು ಆರು ತಿಂಗಳು ಕೊಟ್ಟು ನೋಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಮೊದಲು ಜೋಮು ಇಲ್ಲವೆಂದವರು ಶೇ. 27 ಇದ್ದರು, ಸೀಟು ಬದಲಿಸಿದ ಮೇಲೆ ಶೇ. 82 ಆದರು. ಎಲ್ಲರಿಗೂ ಅಂತಹ ಸೀಟೇ ಬೇಕೆಂದಿಲ್ಲ. ಒತ್ತಡ ತಪ್ಪಿದರೆ ಜೋಮು ತಪ್ಪುತ್ತದೆ ಎಂಬುದನ್ನು ಇದರಿಂದ ತಿಳಿಯಬಹುದು.

ಮೆತ್ತಗಿದ್ದರೆ ಸಾಕೆ?

ನೋವು ಬಂದ ಕೂಡಲೇ ದಪ್ಪ ಸ್ಪಂಜಿನ ಕವರ್ ಹಾಕಿಸುವವರು ಬಹಳ. ಆದರೆ ಸ್ಪಂಜು ತೀರ ಮೆತ್ತಗಿದ್ದರೆ ಮೂಳೆಗಳು ಅದರಲ್ಲಿ ಇಳಿದು, ನಡುವಿನ ಸ್ಪಂಜು ಮೇಲೆದ್ದು ಮೆತ್ತನೆಯ ಭಾಗವನ್ನೇ ಒತ್ತುತ್ತದೆ. ಸ್ವಲ್ಪ ಗಟ್ಟಿಯಾಗಿದ್ದು, ಎರಡೂ ಮೂಳೆಗಳಿಗೆ ಆಸರೆ ಕೊಡುವಷ್ಟು ಅಗಲವಿರುವ ಸೀಟು ಒಳ್ಳೆಯದು.

ಅಗಲ ಅಳೆಯುವ ವಿಧಾನ

ಒಂದು ರಟ್ಟಿನ ಡಬ್ಬಿಯ ತುಂಡನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು ತೆಳು ಬಟ್ಟೆಯಲ್ಲಿ ಒಂದೆರಡು ನಿಮಿಷ ಕುಳಿತುಕೊಳ್ಳಿ. ಎದ್ದಾಗ ರಟ್ಟಿನ ಮೇಲೆ ಎರಡು ತಗ್ಗು ಕಾಣುತ್ತವೆ. ಒಂದರ ಮಧ್ಯದಿಂದ ಇನ್ನೊಂದರ ಮಧ್ಯದವರೆಗೆ ಅಳೆಯಿರಿ. ಸೀಟಿನ ಹಿಂಭಾಗ ಈ ಅಳತೆಗಿಂತ ಸುಮಾರು 2 ಸೆಂ.ಮೀ. ಹೆಚ್ಚು ಅಗಲವಿರಲಿ. ನೆಟ್ಟಗೆ ಕೂತು ತುಳಿಯುವ ಸೈಕಲ್ಲಿಗೆ ಇನ್ನೂ ಸ್ವಲ್ಪ ಅಗಲ ಬೇಕು. ಹೆಂಗಸರಲ್ಲಿ ಈ ಮೂಳೆಗಳ ಅಂತರ ಸಾಮಾನ್ಯವಾಗಿ ಗಂಡಸರಿಗಿಂತ ಹೆಚ್ಚು. ಆದ್ದರಿಂದ ಅಣ್ಣನ ಸೈಕಲ್ಲಿನ ಸೀಟು ತಂಗಿಗೆ ಹೊಂದದಿರಬಹುದು.

ಎತ್ತರ ಮತ್ತು ಓರೆ

1. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಕೆಳಗಿರುವ ಪೆಡಲ್ ಮೇಲೆ ಹಿಮ್ಮಡಿ ಇಡಿ. ಆಗ ಕಾಲು ನೇರವಾಗಬೇಕು. ತುಳಿಯುವಾಗ ಪಾದದ ಮುಂಭಾಗ ಇಡುವುದರಿಂದ ಮೊಣಕಾಲು ತುಸು ಬಾಗಿರುತ್ತದೆ. ಇದೇ ಸರಿಯಾದ ಎತ್ತರ.
2. ಸೀಟು ಹೆಚ್ಚು ಎತ್ತರವಾದರೆ ಸೊಂಟ ಆಚೀಚೆ ಹೊರಳಿ ಚರ್ಮ ಉಜ್ಜುತ್ತದೆ. ತಗ್ಗಾದರೆ ಮೊಣಕಾಲಿನ ಮುಂಭಾಗ ನೋಯುತ್ತದೆ.
3. ಸೀಟು ಮಟ್ಟಸವಾಗಿರಲಿ. ಮೂತಿ ಮೇಲೆದ್ದರೆ ಮೆತ್ತನೆಯ ಭಾಗವನ್ನು ಒತ್ತುತ್ತದೆ. ಬಹಳ ಕೆಳಗಾದರೆ ಮುಂದಕ್ಕೆ ಜಾರಿ ಕೈಗಳ ಮೇಲೆ ಭಾರ ಬೀಳುತ್ತದೆ.
4. ಸೀಟಿನ ಪೈಪಿನ ಮೇಲೆ ಮಿತಿಯ ಗೆರೆ ಇದ್ದರೆ ಅದು ಹೊರಗೆ ಕಾಣುವಷ್ಟು ಎತ್ತರಿಸಬೇಡಿ. ಕೊನೆಗೆ ನಟ್ಟನ್ನು ಬಿಗಿಯಾಗಿ ತಿರುಗಿಸಿ.

ಬೆಳೆಯುವ ಮಕ್ಕಳಿಗೆ ಆಗಾಗ ಎತ್ತರ ನೋಡಿ ಸರಿಪಡಿಸಿ. ಹೊಸದಾಗಿ ಕಲಿಯುವ ಮಕ್ಕಳಿಗೆ ಮಾತ್ರ ಎರಡೂ ಕಾಲು ನೆಲಕ್ಕೆ ತಾಗುವಂತೆ ಸೀಟು ತಗ್ಗಿಸಿಡಬೇಕು. ಸೀಟು ಬದಲಿಸುವ ಮೊದಲು ಎತ್ತರ, ಓರೆ ಸರಿಪಡಿಸಿ ಒಂದು ವಾರ ತುಳಿದು ನೋಡಿ. ಎಷ್ಟೋ ಸಲ ಸೀಟಿನ ಖರ್ಚೇ ಉಳಿಯುತ್ತದೆ.

ನೆನಪಿಡಿ

- ದೂರ ಹೋಗುವಾಗ ಹತ್ತು ನಿಮಿಷಕ್ಕೊಮ್ಮೆ, ಹಾಗೂ ತಗ್ಗು ದಿನ್ನೆ ಬಂದಾಗ, ಪೆಡಲ್ ಮೇಲೆ ಸ್ವಲ್ಪ ಎದ್ದು ನಿಲ್ಲಿ.
- ಬೆವರಿನ ಒಳಉಡುಪನ್ನು ಬೇಗ ಬದಲಿಸಿ. ದಪ್ಪ ಹೊಲಿಗೆ ಇರುವ ಬಟ್ಟೆ ಬೇಡ.
- ಸಕ್ಕರೆ ಕಾಯಿಲೆಯಿಂದ ನರಗಳ ಸ್ಪರ್ಶ ಕಡಿಮೆಯಾಗಿರುವವರಿಗೆ ಗಾಯವಾದರೂ ತಿಳಿಯದೇ ಹೋಗಬಹುದು. ಸ್ನಾನ ಮಾಡುವಾಗ ಚರ್ಮವನ್ನು ಮುಟ್ಟಿ ನೋಡಿಕೊಳ್ಳಿ.
- ಹೆರಿಗೆ ಅಥವಾ ಮೂಲವ್ಯಾಧಿಯ ಆಪರೇಷನ್ ಆದವರು ವೈದ್ಯರನ್ನು ಕೇಳಿಯೇ ಸೈಕಲ್ ಹತ್ತಿರಿ.

ವೈದ್ಯರನ್ನು ಯಾವಾಗ ಕಾಣಬೇಕು?

ಸೈಕಲ್ ಇಳಿದ ಮೇಲೂ ಜೋಮು ಹೋಗದಿದ್ದರೆ ಅಥವಾ ದಿನವೂ ಮರುಕಳಿಸಿದರೆ, ಕೂರುವ ಜಾಗದಲ್ಲಿ ಕುರು ಎದ್ದು ಜ್ವರ ಬಂದರೆ ಬಂದು ತೋರಿಸಿ. ಕಾಲು ಜಾರಿ ಸೈಕಲ್ಲಿನ ಅಡ್ಡಕಂಬಿಯ ಮೇಲೆ ಬಿದ್ದು ಮೂತ್ರದ್ವಾರದಲ್ಲಿ ರಕ್ತ ಕಂಡರೆ ಅಥವಾ ಮೂತ್ರ ಕಟ್ಟಿದರೆ ಅದು ತುರ್ತು ಸ್ಥಿತಿ. ಮೂತ್ರ ಮಾಡಲು ತಿಣುಕದೆ ಕೂಡಲೇ ಆಸ್ಪತ್ರೆಗೆ ಬನ್ನಿ. ಮಕ್ಕಳು ಬೈಗುಳಕ್ಕೆ ಹೆದರಿ ಇಂತಹ ಪೆಟ್ಟನ್ನು ಮುಚ್ಚಿಡುತ್ತಾರೆ. ತಂದೆ ತಾಯಿಗಳು ಸಮಾಧಾನದಿಂದ ಕೇಳಿ ತಿಳಿದುಕೊಳ್ಳಬೇಕು. ವೈದ್ಯರಿಗೆ ಹೇಳಲು ಸಂಕೋಚವಾದರೆ ಮೊದಲು ನರ್ಸ್ ಬಳಿ ಹೇಳಿ.