ಜಾಲ ಬದಲಾದರೂ ಕಡಿಯದ ಸಂಪರ್ಕ

ಹೂಗ್ಲಿ ನದಿಯ ಪಶ್ಚಿಮ ದಂಡೆಯ ಹೌರಾದಿಂದ 1854ರ ಆಗಸ್ಟ್ 15ರಂದು ಪೂರ್ವ ಭಾರತದ ಮೊದಲ ಪ್ರಯಾಣಿಕ ರೈಲು ಹೊರಟಿತು. ನದಿಯಾಚೆಯ ಕಲ್ಕತ್ತೆಯಿಂದ 1995ರ ಜುಲೈ 31ರಂದು ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರೊಡನೆ ಮಾತನಾಡಿದರು. ಅದು ದೇಶದ ಮೊದಲ ಮೊಬೈಲ್ ಕರೆ. ಸಾರಿಗೆ, ಸಂಪರ್ಕಗಳೆರಡರ ಇತಿಹಾಸದಲ್ಲಿಯೂ ಸ್ಥಾನ ಪಡೆದ ಈ ಅವಳಿ ನಗರಗಳಲ್ಲಿ ಇಂದಿನ ಪ್ರಯಾಣಿಕರು ಎದುರಿಸುವ ತೊಡಕೊಂದು ಗಮನಾರ್ಹವಾಗಿದೆ.

ಬೆಂಗಳೂರಿನಿಂದ ಹೌರಾಕ್ಕೆ ಬಂದಿಳಿದವರು ನಿಲ್ದಾಣದ ವೈಫೈ ಬಳಸಿ ಕಡತವೊಂದನ್ನು ಕಳುಹಿಸುತ್ತಿದ್ದಾರೆ ಎನ್ನೋಣ. 2024ರ ಮಾರ್ಚ್‌ನಲ್ಲಿ ಆರಂಭವಾದ, ನದಿಯ ತಳದಡಿ ಸಾಗುವ ಮೆಟ್ರೋ ಹಿಡಿಯಲು ಅವರು ನಡೆದಂತೆ ವೈಫೈ ಕ್ಷೀಣಿಸಿ, ಫೋನು ಮೊಬೈಲ್ ಜಾಲಕ್ಕೆ ಹೊರಳುತ್ತದೆ. ಕಡತದ ರವಾನೆ ಅರ್ಧಕ್ಕೇ ನಿಲ್ಲಬಹುದು. ಕಚೇರಿಯ ಗಣಕಯಂತ್ರದ ತಂತಿಯನ್ನು ಕಳಚಿ ನಿಸ್ತಂತು ಜಾಲಕ್ಕೆ ಸೇರಿಸಿದಾಗಲೂ ಹೀಗೆಯೇ ಆಗುವುದುಂಟು.

ಕಾರಣವೇನು?

ಅಂತರಜಾಲದಲ್ಲಿ ಪ್ರತಿಯೊಂದು ಸಾಧನಕ್ಕೂ ಐಪಿ ವಿಳಾಸವೆಂಬ ಅಂಕಿಗಳ ಗುರುತಿದೆ. ಈ ವಿಳಾಸವನ್ನು ನೀಡುವುದು ಆಯಾ ಜಾಲ. ಬಹುಕಾಲದಿಂದ ಬಳಕೆಯಲ್ಲಿರುವ ಟಿಸಿಪಿ ಎಂಬ ನಿಯಮಾವಳಿಯು ಎರಡೂ ತುದಿಗಳ ವಿಳಾಸಗಳಿಂದಲೇ ಸಂಪರ್ಕವನ್ನು ಗುರುತಿಸುತ್ತದೆ. ಜಾಲ ಬದಲಾದರೆ ವಿಳಾಸವೂ ಬದಲಾಗುತ್ತದೆ. ಹಳೆಯ ಸಂಪರ್ಕವು ವಾರಸುದಾರರಿಲ್ಲದ ಕಾಗದದಂತೆ ಉಳಿದುಬಿಡುತ್ತದೆ.

ಪರಿಹಾರದ ಮಾರ್ಗಗಳು

1996ರಲ್ಲಿ ಪ್ರಕಟವಾದ 'ಮೊಬೈಲ್ ಐಪಿ' ವಿಧಾನವು ಅಂಚೆಯ ಮರುರವಾನೆಯನ್ನು ಹೋಲುತ್ತದೆ: ಮೂಲ ವಿಳಾಸಕ್ಕೆ ಬಂದುದನ್ನು ಹೊಸ ವಿಳಾಸಕ್ಕೆ ಕಳುಹಿಸಲಾಗುತ್ತದೆ. 2013ರಲ್ಲಿ ರೂಪುಗೊಂಡ 'ಮಲ್ಟಿಪಾತ್ ಟಿಸಿಪಿ'ಯು ವೈಫೈ ಮತ್ತು ಮೊಬೈಲ್ ಎಂಬ ಎರಡು ದಾರಿಗಳನ್ನೂ ಏಕಕಾಲಕ್ಕೆ ತೆರೆದಿಡಬಲ್ಲದು. 2021ರಲ್ಲಿ ಮಾನಕವಾದ 'ಕ್ವಿಕ್' ವಿಧಾನದಲ್ಲಿ ವಿಳಾಸದ ಬದಲು ಸಂಪರ್ಕಕ್ಕೇ ಪ್ರತ್ಯೇಕ ಗುರುತು ಇರುತ್ತದೆ. ರೈಲಿನಲ್ಲಿ ಬೋಗಿ ಬದಲಾದರೂ ಟಿಕೆಟ್ಟಿನ ಪಿಎನ್‌ಆರ್ ಸಂಖ್ಯೆ ಬದಲಾಗದಿರುವುದನ್ನು ಇದಕ್ಕೆ ಹೋಲಿಸಬಹುದು. ಆದರೆ ಕೊನೆಯ ಎರಡು ವಿಧಾನಗಳು ಫಲಿಸಬೇಕಾದರೆ ಬಳಕೆದಾರರ ಸಾಧನ ಮತ್ತು ಸೇವೆ ಒದಗಿಸುವ ಗಣಕ ಎರಡರಲ್ಲಿಯೂ ಅವುಗಳ ಅಳವಡಿಕೆ ಅಗತ್ಯ.

ನಾಗರಿಕರು ಗಮನಿಸಬೇಕಾದುದು

ಹಣ ಪಾವತಿ, ಅರ್ಜಿ ಸಲ್ಲಿಕೆಯಂತಹ ಕಾರ್ಯಗಳನ್ನು ಒಂದೇ ಜಾಲದಲ್ಲಿದ್ದು ಮುಗಿಸುವುದು ಲೇಸು. ನಡೆದು ಹೋಗುವಾಗ ವೈಫೈ ಸ್ಥಗಿತಗೊಳಿಸಿ ಮೊಬೈಲ್ ಜಾಲವನ್ನೇ ಅವಲಂಬಿಸಬಹುದು. ಪಾವತಿಯ ನಡುವೆ ಸಂಪರ್ಕ ಕಡಿದರೆ, ಮತ್ತೆ ಹಣ ಕಳುಹಿಸುವ ಮೊದಲು ಖಾತೆಯ ವಿವರ ಪರಿಶೀಲಿಸತಕ್ಕದ್ದು. ಏಕೆಂದರೆ ಕಡಿದದ್ದು ಫೋನಿನ ಸಂಪರ್ಕ ಮಾತ್ರ. ಬ್ಯಾಂಕಿಗೆ ಆದೇಶವು ಅದಾಗಲೇ ತಲುಪಿರಬಹುದು. ಯುಪಿಐ ಮೂಲಕ ಖಾತೆಯಿಂದ ಹಣ ಕಡಿತವಾಗಿಯೂ ವ್ಯಾಪಾರಿಗೆ ದೃಢೀಕರಣ ದೊರೆಯದಿದ್ದಲ್ಲಿ, ವಹಿವಾಟಿನ ನಂತರದ 5 ದಿನಗಳೊಳಗೆ ಹಣ ತಾನಾಗಿ ಹಿಂದಿರುಗಬೇಕೆಂದೂ, ವಿಳಂಬವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕೆಂದೂ ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿದೆ. ವಹಿವಾಟಿನ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ದೂರು ಸಲ್ಲಿಸುವುದು ಸುಲಭವಾಗುತ್ತದೆ.