ನೆಲದಡಿಯ ಕಿರುಸುರಂಗಗಳು

ಊರು ಬೆಳೆದಷ್ಟು ರಸ್ತೆ ಬೆಳೆಯುವುದಿಲ್ಲ. ರಸ್ತೆಯನ್ನು ಅಗಲ ಮಾಡಹೊರಟರೆ ಯಾರದೋ ಮನೆ, ಯಾರದೋ ಅಂಗಡಿ ಬೀಳಬೇಕಾಗುತ್ತದೆ. ಮೇಲುಸೇತುವೆ ಕಟ್ಟಿದರೆ ಅದರ ಕೆಳಗಿನವರಿಗೆ ಗಾಳಿ ಬೆಳಕು ತಪ್ಪುತ್ತದೆ. ಆದುದರಿಂದ ನೆಲದ ಕೆಳಗೇ ದಾರಿ ಮಾಡಿಕೊಂಡರೆ ಹೇಗೆ ಎಂಬ ಯೋಚನೆ ದೊಡ್ಡ ನಗರಗಳಲ್ಲೆಲ್ಲ ಒಂದಲ್ಲ ಒಂದು ದಿನ ಹುಟ್ಟದೆ ಇರದು. ಈ ಹಳೆಯ ಯೋಚನೆ ಈಚಿನ ವರ್ಷಗಳಲ್ಲಿ ಅಮೆರಿಕದಲ್ಲಿ ಹೊಸದೊಂದು ರೂಪ ತಾಳಿದೆ. ಒಂದು ಕಾರು ಮಾತ್ರ ಹಿಡಿಸುವಷ್ಟು ಕಿರಿದಾದ ಸುರಂಗಗಳನ್ನು ಊರ ಕೆಳಗೆ ಬಲೆಯಂತೆ ಕೊರೆದು, ಅವುಗಳಲ್ಲಿ ವಿದ್ಯುತ್ ಕಾರುಗಳನ್ನು ಓಡಿಸುವುದೇ ಆ ರೂಪ. ಇದರಿಂದ ನಗರಸಂಚಾರದ ತೊಡಕು ಬಗೆಹರಿದೀತೆ? ಈ ಪ್ರಶ್ನೆಗೆ ಉತ್ತರ ಹೇಳಲು ದೊಡ್ಡ ಶಾಸ್ತ್ರಜ್ಞಾನವೇನೂ ಬೇಕಿಲ್ಲ. ಗುಣಾಕಾರ ಭಾಗಾಕಾರ ತಿಳಿದಿದ್ದರೆ ಸಾಕು.

ಈ ಪ್ರಯತ್ನದ ಮೂಲಪುರುಷ ಉದ್ಯಮಿ ಈಲಾನ್ ಮಸ್ಕ್. ಲಾಸ್ ಏಂಜಲೀಸ್ ನಗರದ ವಾಹನಸಂದಣಿಯಿಂದ ಬೇಸತ್ತು, ತಾನೇ ಸುರಂಗ ಕೊರೆಯುವ ಯಂತ್ರ ಮಾಡಿಸಿ ಕೊರೆಯಲಾರಂಭಿಸುವೆನೆಂದು ಅವರು 2016ರ ಡಿಸೆಂಬರಿನಲ್ಲಿ ಸಾರಿದರು. ಕಟ್ಟಿದ ಸಂಸ್ಥೆಗೆ 'ಬೋರಿಂಗ್ ಕಂಪನಿ' ಎಂದು ಹೆಸರಿಟ್ಟರು. ಕನ್ನಡದ 'ಕೊರೆಯುವುದು' ಎಂಬ ಮಾತಿಗಿರುವಂತೆಯೇ ಆ ಇಂಗ್ಲಿಷ್ ಮಾತಿಗೂ ನೆಲ ಕೊರೆಯುವುದು, ಕೇಳುವವರ ತಲೆ ಕೊರೆಯುವುದು ಎಂದು ಎರಡರ್ಥ. 2018ರ ಡಿಸೆಂಬರಿನಲ್ಲಿ ಹಾಥೋರ್ನ್ ಎಂಬಲ್ಲಿ 1.14 ಮೈಲಿಯ ಪರೀಕ್ಷಾಸುರಂಗವನ್ನು ತೋರಿಸಲಾಯಿತು. ಅನಂತರ ಲಾಸ್ ವೇಗಸ್ ನಗರದ ಸಮ್ಮೇಳನ ಭವನದ ಅಡಿಯಲ್ಲಿ ಮೂರು ನಿಲ್ದಾಣಗಳ ಒಂದು ಮಾರ್ಗ ಸಿದ್ಧವಾಗಿ 2021ರಲ್ಲಿ ಜನರ ಬಳಕೆಗೆ ತೆರೆಯಿತು.

ಸುರಂಗವನ್ನು ಕಿರಿದು ಮಾಡುವುದರಲ್ಲಿ ಒಂದು ತರ್ಕವಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಒಂದೇ ಸಾಲಿನ ರಸ್ತೆಸುರಂಗಕ್ಕೂ ಸುಮಾರು 28 ಅಡಿ ವ್ಯಾಸ ಬೇಕಾಗುತ್ತದೆಂಬುದು ಕಂಪನಿಯ ಲೆಕ್ಕ. ಅದನ್ನು 12 ಅಡಿಗೆ ಇಳಿಸಿದರೆ ತೆಗೆಯಬೇಕಾದ ಮಣ್ಣು ಅರ್ಧವಾಗುವುದಿಲ್ಲ. ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಏಕೆಂದರೆ ವೃತ್ತದ ವಿಸ್ತೀರ್ಣ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. ಜೊತೆಗೆ, ಪೆಟ್ರೋಲ್ ಕಾರುಗಳ ಹೊಗೆಯನ್ನು ಹೊರದೂಡಲು ಹಿಂದೆ ಬಹಳ ಶ್ರಮಪಡಬೇಕಾಗಿತ್ತು. 1927ರಲ್ಲಿ ತೆರೆದ ನ್ಯೂಯಾರ್ಕಿನ ಹಾಲೆಂಡ್ ಸುರಂಗಕ್ಕೆ ಈ ಒಂದು ಕಾರಣಕ್ಕಾಗಿಯೇ 84 ಭಾರಿ ಬೀಸಣಿಗೆಗಳನ್ನು ಅಳವಡಿಸಬೇಕಾಯಿತು. ವಿದ್ಯುತ್ ಕಾರಿಗೆ ಹೊಗೆಯಿಲ್ಲ. ಆದುದರಿಂದ ಆ ತೊಂದರೆ ಬಹುಮಟ್ಟಿಗೆ ತಪ್ಪಿತು.

ಖರ್ಚಿನಲ್ಲಿಯೂ ಉಳಿತಾಯವಾದುದು ನಿಜ. ಲಾಸ್ ವೇಗಸ್ಸಿನ ಆ ಮಾರ್ಗಕ್ಕೆ ತಗುಲಿದ್ದು ಸುಮಾರು 5 ಕೋಟಿ 25 ಲಕ್ಷ ಡಾಲರ್. ನೆಲದ ಮೇಲೆ ಎತ್ತರಿಸಿದ ದಾರಿಯೊಂದನ್ನು ಕಟ್ಟಿಕೊಡುವೆನೆಂದ ಬೇರೊಂದು ಕಂಪನಿ 21 ಕೋಟಿ 50 ಲಕ್ಷ ಡಾಲರ್ ಕೇಳಿತ್ತು. ಭವನದ ಒಂದು ತುದಿಯಿಂದ ಇನ್ನೊಂದು ತುದಿಗೆ ಕಾಲೆಳೆಯಬೇಕಾಗಿದ್ದವರು ಈಗ ಎರಡು ನಿಮಿಷದಲ್ಲಿ ತಲುಪುತ್ತಾರೆ. ಈ ಸೇವೆಯನ್ನು ಕಡೆಗಣಿಸಿ ಮಾತನಾಡುವುದು ನ್ಯಾಯವಲ್ಲ.

ಆದರೆ ಮೊದಲು ಹೇಳಿದುದಕ್ಕೂ ಆಮೇಲೆ ಆದುದಕ್ಕೂ ಇರುವ ಅಂತರವನ್ನು ಗಮನಿಸಬೇಕು. ಕಾರುಗಳನ್ನು ಹೊತ್ತ ಹಲಗೆಬಂಡಿಗಳು ಗಂಟೆಗೆ ನೂರು ಮೈಲಿಗೂ ಮೀರಿದ ವೇಗದಲ್ಲಿ ತಾವಾಗಿಯೇ ಓಡುವುವು ಎಂಬುದು ಆರಂಭದ ಚಿತ್ರ. 2021ರಲ್ಲಿ ಮಾರ್ಗ ತೆರೆದಾಗ ಕಂಡದ್ದು ಚಾಲಕರು ನಡೆಸುವ ಸಾಮಾನ್ಯ ವಿದ್ಯುತ್ ಕಾರುಗಳು. ವೇಗ ಗಂಟೆಗೆ 40 ಮೈಲಿಯೊಳಗೆ. 2022ರ ಜನವರಿಯಲ್ಲಿ ದೊಡ್ಡ ವಸ್ತುಪ್ರದರ್ಶನವೊಂದು ನಡೆದಾಗ ಆ ಸುರಂಗದೊಳಗೇ ಕಾರುಗಳು ಒಂದರ ಹಿಂದೊಂದು ಸಾಲುಗಟ್ಟಿ ನಿಂತ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಯಾವ ಸಂದಣಿಯಿಂದ ಪಾರಾಗಲು ನೆಲದಡಿಗೆ ಇಳಿದರೋ ಅದು ಅಲ್ಲಿಗೂ ಹಿಂಬಾಲಿಸಿತು.

ಇದು ಆಕಸ್ಮಿಕವಲ್ಲ. ಸುರಂಗದಲ್ಲಿ 6 ಸೆಕೆಂಡಿಗೊಂದು ಕಾರು ಹೋಗುತ್ತದೆಂದು ಇಟ್ಟುಕೊಳ್ಳೋಣ. ಗಂಟೆಗೆ 600 ಕಾರುಗಳಾದವು. ಪ್ರತಿಯೊಂದರಲ್ಲಿಯೂ ನಾಲ್ವರು ಕುಳಿತರೆ, ಒಂದು ದಿಕ್ಕಿಗೆ 2,400 ಜನ. ಕಾರುಗಳ ನಡುವಣ ಅಂತರವನ್ನು ತಗ್ಗಿಸಬಾರದೆ ಎಂದು ನೀವು ಕೇಳಬಹುದು. ಸುರಂಗದಲ್ಲಿ ಅದು ಸಾಧ್ಯವಾದರೂ, ನಿಲ್ದಾಣದಲ್ಲಿ ಕಾರು ನಿಲ್ಲಬೇಕು, ಬಾಗಿಲು ತೆರೆಯಬೇಕು, ಪೆಟ್ಟಿಗೆ ಹಿಡಿದ ಮುದುಕರು ಮಕ್ಕಳು ಹತ್ತಿ ಇಳಿಯಬೇಕು. ಕೊಳವೆ ಎಷ್ಟು ದೊಡ್ಡದಿದ್ದರೇನು, ನೀರು ಬರುವುದು ನಲ್ಲಿಯ ಬಾಯಿ ಇದ್ದಷ್ಟೆ.

ಈಗ ಲಂಡನ್ ನಗರಕ್ಕೆ ಬನ್ನಿ. ಕಿರಿದಾದ ಸುರಂಗವೆಂಬುದು ಅಲ್ಲಿಯವರಿಗೆ ಹೊಸ ಸಂಗತಿಯೇನಲ್ಲ. 1890ರಲ್ಲಿ ಅಲ್ಲಿ ವಿದ್ಯುತ್ ರೈಲು ಓಡತೊಡಗಿದ ಮೊದಲ ಆಳಸುರಂಗದ ವ್ಯಾಸ 10 ಅಡಿಗಿಂತ ತುಸು ಹೆಚ್ಚು, ಅಷ್ಟೆ. 1896ರಲ್ಲಿ ತೆರೆದ ಗ್ಲಾಸ್ಗೋ ನಗರದ ಸುರಂಗರೈಲಿನದು 11 ಅಡಿ. 1968ರಲ್ಲಿ ಲಂಡನ್ನಿನಲ್ಲಿ ಓಡಾಟ ಆರಂಭಿಸಿದ ವಿಕ್ಟೋರಿಯಾ ಮಾರ್ಗದ ಸುರಂಗಗಳು ಸುಮಾರು ಹನ್ನೆರಡೂವರೆ ಅಡಿ, ಅಂದರೆ ಹೆಚ್ಚುಕಡಿಮೆ ಲಾಸ್ ವೇಗಸ್ಸಿನವುಗಳಷ್ಟೇ ದೊಡ್ಡವು. 2017ರಿಂದ ಈ ಮಾರ್ಗದಲ್ಲಿ ದಟ್ಟಣೆಯ ವೇಳೆ ಗಂಟೆಗೆ 36 ರೈಲುಗಳು ಓಡುತ್ತಿವೆ. ರೈಲಿಗೆ 800 ಜನರಂತೆ ಹಿಡಿದರೂ ಒಂದು ದಿಕ್ಕಿಗೆ 28,800 ಜನರಾದರು. ನಾವು ಈಗ ತಾನೆ ಕಾರಿಗೆ ಹಾಕಿದ ಲೆಕ್ಕದ ಹನ್ನೆರಡರಷ್ಟು! ಇಷ್ಟು ಜನರನ್ನು ಕಾರಿನಲ್ಲಿ ಸಾಗಿಸಬೇಕಾದರೆ ಅರ್ಧ ಸೆಕೆಂಡಿಗೊಂದು ಕಾರು ತುಂಬಿಕೊಂಡು ಹೊರಡಬೇಕು. ರಂಧ್ರ ಒಂದೇ, ಕೊರೆಯುವ ಶ್ರಮ ಒಂದೇ. ಒಳಗೆ ಓಡುವುದು ಯಾವುದು ಎಂಬುದರಿಂದ ಫಲ ಬೇರೆಯಾಗುತ್ತದೆ.

ಹಾಗಾದರೆ ಸುರಂಗರೈಲಿಗೆ ಅಷ್ಟು ಹಣವೇಕೆ ಬೇಕು? ಅದರ ಖರ್ಚಿನ ದೊಡ್ಡ ಪಾಲು ರಂಧ್ರ ಕೊರೆಯುವುದಕ್ಕಲ್ಲ. ಆಳದಲ್ಲಿ ಉದ್ದನೆಯ ನಿಲ್ದಾಣಗಳನ್ನು ಕಟ್ಟುವುದಕ್ಕೆ, ಮೆಟ್ಟಿಲು, ಗಾಳಿ, ಸಂಜ್ಞೆ, ಅಪಾಯದಲ್ಲಿ ಹೊರಬರುವ ದಾರಿ ಇವುಗಳಿಗೆ ಹೋಗುತ್ತದೆ. ಇವುಗಳನ್ನು ಬಿಟ್ಟರೆ ಅಗ್ಗವಾಗುತ್ತದೆ, ನಿಜ. ಆದರೆ 1999ರಲ್ಲಿ ಫ್ರಾನ್ಸ್ ಇಟಲಿಗಳ ನಡುವಣ ಮೋಂಬ್ಲಾಂಕ್ ಸುರಂಗದಲ್ಲಿ ಒಂದು ಲಾರಿಗೆ ಬೆಂಕಿ ಹತ್ತಿದಾಗ 39 ಜನ ಪ್ರಾಣ ಕಳೆದುಕೊಂಡರು. ವಿದ್ಯುತ್ ಕಾರಿಗೆ ಹೊಗೆ ಇಲ್ಲವೆಂದರೆ ಬೆಂಕಿಯೂ ಇಲ್ಲವೆಂದು ಅರ್ಥವಲ್ಲ. ಬ್ಯಾಟರಿಗೆ ಹತ್ತಿದ ಬೆಂಕಿಯನ್ನು ಆರಿಸುವುದು ಬಲು ಕಷ್ಟ. ಮಾರ್ಗ ಉದ್ದವಾದಷ್ಟೂ ಈ ಚಿಂತೆ ಹೆಚ್ಚಬೇಕು. ಲಾಸ್ ವೇಗಸ್ಸಿನಲ್ಲಿ 68 ಮೈಲಿ, 104 ನಿಲ್ದಾಣಗಳ ವಿಸ್ತರಣೆಗೆ ಅಲ್ಲಿನ ಆಡಳಿತ ಒಪ್ಪಿಗೆ ಕೊಟ್ಟಿರುವುದರಿಂದ ಇದು ಬರಿಯ ಊಹೆಯ ಮಾತಲ್ಲ.

ದೂರದ ಊರಿನ ಈ ಆಟದಿಂದ ನಮಗೇನು ಎನ್ನುವಿರಾ? ಇಂಥ ಯೋಜನೆಗಳಿಂದಾಗುವ ನಷ್ಟ ಖರ್ಚಾದ ಹಣ ಮಾತ್ರವಲ್ಲ, ಕಳೆದುಹೋದ ಕಾಲವೂ ಹೌದು. ಷಿಕಾಗೋ ನಗರವು ವಿಮಾನನಿಲ್ದಾಣದಿಂದ ಊರೊಳಕ್ಕೆ 12 ನಿಮಿಷದಲ್ಲಿ ತಲುಪಿಸುವ ಸುರಂಗಕ್ಕಾಗಿ 2018ರಲ್ಲಿ ಇದೇ ಕಂಪನಿಯನ್ನು ಆರಿಸಿತು. 2019ರಲ್ಲಿ ಹೊಸ ಮೇಯರ್ ಬಂದಮೇಲೆ ಆ ಯೋಜನೆ ಮೂಲೆ ಸೇರಿತು. ನಮ್ಮ ಬೆಂಗಳೂರಿನಲ್ಲಿಯೂ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಸುರಂಗರಸ್ತೆಯ ಯೋಜನೆ 2024-25ರಲ್ಲಿ ದೊಡ್ಡ ಚರ್ಚೆಗೆ ಬಂದಿತು. ಅದು ಕಿರುಸುರಂಗವಲ್ಲ, ಹಿರಿಸುರಂಗ. ಅಂದಾಜು ವೆಚ್ಚ 17,000 ಕೋಟಿ ರೂಪಾಯಿಗೂ ಮಿಗಿಲು. ಆದರೆ ಕೇಳಬೇಕಾದ ಪ್ರಶ್ನೆ ಅದೇ: ಗಂಟೆಗೆ ಎಷ್ಟು ಕಾರು ಹೋಗುತ್ತವೆ ಎಂದಲ್ಲ, ಎಷ್ಟು ಜನ ಹೋಗುತ್ತಾರೆ? 2016ರಿಂದ ಇದೇ ಊರಿನ ನೆಲದಡಿಯಲ್ಲಿ ಮೆಟ್ರೊ ಓಡುತ್ತಿದೆ. ಆರು ಬೋಗಿಗಳ ಒಂದೊಂದು ರೈಲೂ ಸಾವಿರಕ್ಕೆ ಮೀರಿದ ಜನರನ್ನು ಹೊರಬಲ್ಲದು. ಕಾರಿಲ್ಲದವರೂ ಅದರಲ್ಲಿ ಹೋಗಬಹುದು.

ಒಟ್ಟಿನಲ್ಲಿ, ಸಮ್ಮೇಳನ ಭವನ, ವಿಮಾನನಿಲ್ದಾಣ, ಹೋಟೆಲುಗಳ ಸಮೂಹ, ಇಂಥ ಕಡೆ ಸ್ವಲ್ಪ ಜನರನ್ನು ಸ್ವಲ್ಪ ದೂರ ಸಾಗಿಸಲು ಕಿರುಸುರಂಗದ ಕಾರು ಅನುಕೂಲವೇ; ಅದರ ಖರ್ಚನ್ನು ಆ ಹೋಟೆಲಿನವರೇ ಹೊರುವುದಾದರೆ ಯಾರ ಆಕ್ಷೇಪಣೆಯೂ ಇರಲಾರದು. ಆದರೆ ಲಕ್ಷಾಂತರ ಜನ ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮನೆ ಸೇರಬೇಕಾದ ಊರಿಗೆ ಅದು ಮದ್ದಲ್ಲ. ನಿಮ್ಮ ಊರಿನಲ್ಲಿ ಯಾರಾದರೂ ಸುರಂಗದ ನಕ್ಷೆ ತಂದು ಹರಡಿದರೆ, ಅದರ ಉದ್ದ ವೇಗಗಳನ್ನು ಕೇಳಿ ಬೆರಗಾಗುವ ಮೊದಲು ಒಂದು ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಗಂಟೆಗೆ ಎಷ್ಟು ಜನ ಎಂದು ಕೇಳಿ ಬರೆದುಕೊಳ್ಳಿ. ಉಳಿದ ಮಾತು ಆಮೇಲೆ.